ವಿಮೆ ಇಳಿಸಿದ ಹಲ್ಲುಗಳು

ಇವತ್ತು ಬೆಳಿಗ್ಗೆ ತಂಗಿಗೊಂದು ಗಡಿಯಾರ ಕಳಿಸೋಣವೆಂದು ಪುತ್ತೂರಿನ ಅಂಚೆ ಕಚೇರಿಗೆ ಹೋಗಿದ್ದೆ. ಕಿಟಕಿಯಾಚೆ ಗುಮಾಸ್ತರು ಉರಿಯುವ ಮೇಣದ ಬತ್ತಿಗೆ ಅರಗಿನ ಕಡ್ಡಿ ಹಿಡಿದಿದ್ದರು. ಆ ಸುಟ್ಟ ವಾಸನೆ ಮೂಗಿಗೆ ತಾಗುತ್ತಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ತಲೆ ಎತ್ತದೆ ಕೇಳಿದರು: "ವಿಮೆ ಮಾಡುದಾ?"

ಓದುಗರೇ, ನಾನು ಸಾಧು ಮನುಷ್ಯ. ಬಸ್ಸಿನಲ್ಲಿ ನನ್ನ ಕಾಲು ತುಳಿದವರ ಹತ್ತಿರ ನಾನೇ ಕ್ಷಮೆ ಕೇಳುವ ಜಾತಿ. ಆದರೆ 'ಅಂಚೆ', 'ವಿಮೆ' ಎಂಬ ಎರಡು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ನನ್ನ ಸಾಧುತನ ಮುಗಿಯಿತು. ಗಡಿಯಾರವನ್ನು ಕಂಕುಳಿಗೆ ಸೇರಿಸಿ ಹೊರಗೆ ಬಂದೆ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಸೋದರಮಾವನ ಹಲ್ಲುಗಳ ಚರಿತ್ರೆಯನ್ನು ಕೇಳಬೇಕು.

ನನ್ನನ್ನು ಸಾಕಿದವರು ಬೆಳ್ಳಾರೆಯ ಹತ್ತಿರದ ಈಶ್ವರ ಮಾವ. ಸುತ್ತಿನ ಹತ್ತೂರಿಗೆ ಅವರು ತಾಳಮದ್ದಳೆಯ ಅರ್ಥಧಾರಿ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದವನು ಕುಳಿತಲ್ಲೇ, ಪಂಚೆ ಶಾಲಿನಲ್ಲೇ, ಆ ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸಿ ಎದುರಿನವನೊಡನೆ ವಾದಕ್ಕಿಳಿಯುತ್ತಾನೆ. ಬರೆದಿಟ್ಟ ಮಾತು ಒಂದೂ ಇಲ್ಲ. ನಾಲಗೆಯೇ ಬಿಲ್ಲು, ಹಲ್ಲೇ ಹೆದೆ. ಮಾವನದು ಯಾವಾಗಲೂ ಸಂಧಾನಕ್ಕೆ ಬರುವ ದೇವರ ಪಾತ್ರ. ಎದುರಿಗೆ ಹಠಮಾರಿ ಅರಸನಾಗಿ ಕೂರುವವರು ಊರ ಶಾಲೆಯ ಕುಶಾಲಪ್ಪ ಮಾಸ್ತರರು. ಸಂಬಳ ಸಾಲದ್ದಕ್ಕೆ ಅವರು ಶಾಲೆಯ ಜಗಲಿಯಲ್ಲಿ ಊರ ಅಂಚೆ ಕಚೇರಿಯನ್ನೂ ನಡೆಸುತ್ತಿದ್ದರು.

ಐವತ್ತು ದಾಟಿದ ಮೇಲೆ ಮಾವನ ಹಲ್ಲುಗಳು ಒಂದೊಂದಾಗಿ ಅಲುಗಾಡಿದವು. ಮಂಗಳೂರಿನ ದಂತವೈದ್ಯರು ಉಳಿದವನ್ನೆಲ್ಲ ಕಿತ್ತು, ಬಾಯಿಯ ಅಚ್ಚು ತೆಗೆದುಕೊಂಡರು. ಹೊಸ ಸೆಟ್ಟನ್ನು ವಿಮೆ ಮಾಡಿ ಅಂಚೆಯಲ್ಲಿ ಕಳಿಸುವುದಾಗಿ ಮಾತು ಕೊಟ್ಟರು. ಮಾವ ಆಮೇಲೆ ಬಾಯಿಗೆ ಬೈರಾಸು ಮುಚ್ಚಿಕೊಂಡೇ ತಿರುಗಿದರು. ಸಂಗತಿ ಊರಿಗೆ ಗೊತ್ತಿಲ್ಲವೆಂದು ಅವರ ನಂಬಿಕೆ. ತಿಂಗಳುಗಟ್ಟಲೆ ಬಾಯಿಗೆ ಬಟ್ಟೆ ಹಿಡಿದು ನಡೆಯುವ ಅರ್ಥಧಾರಿಯನ್ನು ಕಂಡು ಊರು ಬೇರೆ ಏನೆಂದುಕೊಂಡೀತು?

ಅಂಚೆಯ ಕಟ್ಟು ಬಂದ ದಿನ ನಾನೂ ಜೊತೆಗಿದ್ದೆ. ಟಪ್ಪಾಲಿಗೆ ಕಾದು ಕುಳಿತವರು ಆರೇಳು ಮಂದಿ. ಬಿಳಿ ಬಟ್ಟೆ ಹೊಲಿದು ಆರು ಕಡೆ ಅರಗಿನ ಮುದ್ರೆ ಒತ್ತಿದ್ದ ಸಣ್ಣ ಪೆಟ್ಟಿಗೆಯನ್ನು ಮಾಸ್ತರರು ಎರಡೂ ಕೈಯಲ್ಲಿ ತಂದಿಟ್ಟರು. ಇಡುವಾಗ ಒಳಗೆ ಕಟಕಟ ಎಂದಿತು.

"ಭಟ್ರೇ, ವಿಮೆಯ ಕಟ್ಟು. ಇಲ್ಲೇ ಬಿಚ್ಚಿ ನೋಡಿ, ಆಮೇಲೆ ರುಜು ಹಾಕಿ."

"ಎಂತ ಭಟ್ರೇ, ಬಂಗಾರವಾ?" ಎಂದು ಬೆಂಚಿನಿಂದ ಒಬ್ಬರು ಕತ್ತು ಚಾಚಿದರು. "ಬಿಚ್ಚಿ ಮಾರಾಯ್ರೆ, ನಮಗೂ ನೋಡುವ."

ಮಾವ ಪೆಟ್ಟಿಗೆಯನ್ನು ನೋಡಿದರು, ಬೆಂಚನ್ನು ನೋಡಿದರು, ಮಾಸ್ತರರನ್ನು ನೋಡಿದರು. ಹದಿನೈದು ದಿನದಲ್ಲಿ ಇದೇ ಮಾಸ್ತರರ ಎದುರು ದೇವರಾಗಿ ಕೂರಬೇಕು. ದೇವರ ಹಲ್ಲನ್ನು ಅರಸನ ಮೇಜಿನ ಮೇಲೆ ಬಿಚ್ಚಿ ಎಣಿಸುವುದುಂಟೇ? 'ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂಬಲ್ಲಿ ರುಜು ಒತ್ತಿ ಪೆಟ್ಟಿಗೆಯನ್ನು ಬೈರಾಸಿನಲ್ಲಿ ಸುತ್ತಿಕೊಂಡರು.

ಮನೆಯಲ್ಲಿ ಬಿಚ್ಚಿದಾಗ ಮೇಲಿನ ದವಡೆ ಎರಡು ತುಂಡಾಗಿತ್ತು. ಕೆಳಗಿನದರ ಎದುರಿನ ನಾಲ್ಕು ಹಲ್ಲು ಪೆಟ್ಟಿಗೆಯ ಮೂಲೆಯಲ್ಲಿ ಬೇರೆಯೇ ಸಂಸಾರ ಹೂಡಿದ್ದವು. ಆದರೆ ಆರು ಮುದ್ರೆಗಳಲ್ಲಿ ಒಂದಕ್ಕಾದರೂ ಬಿರುಕು? ಕೂದಲೆಳೆಯಷ್ಟೂ ಇಲ್ಲ. ಸಾಮಾನು ಪುಡಿಯಾಗಲಿ, ಮುದ್ರೆ ಮಾತ್ರ ಅಖಂಡವಾಗಿರಲಿ ಎಂಬುದು ಇಲಾಖೆಯ ಧರ್ಮವೆಂದು ನನಗೆ ಅಂದು ಹೊಳೆಯಿತು.

"ಹೆದರಬೇಡಿ ಮಾವ, ವಿಮೆ ಉಂಟಲ್ಲ," ಎಂದೆ. "ಒಂದು ತಿಂಗಳಲ್ಲಿ ಪರಿಹಾರ ಬರ್ತದೆ." ಬಿ.ಎ. ಮುಗಿಸಿ ಬಂದ ಹೊಸದು. ಇಂಗ್ಲಿಷಿನಲ್ಲಿ ಅರ್ಜಿ ಬರೆದರೆ ಭೂಮಿ ನಡುಗುತ್ತದೆಂಬ ಭ್ರಮೆ. ಮಾವ ಅರ್ಥಧಾರಿಗಳಿಗೆ ತಕ್ಕ ಪ್ರತಿಜ್ಞೆಯನ್ನೇ ಮಾಡಿದರು: "ಒಡೆದವರು ಕೊಡ್ಲಿ. ಅಲ್ಲಿವರೆಗೆ ನಾನು ಹಲ್ಲು ಕಟ್ಟಿಸುದಿಲ್ಲ."

ಹೀಗೆ, ನನ್ನ ಇಂಗ್ಲಿಷನ್ನು ನಂಬಿ ಒಬ್ಬ ಅರ್ಥಧಾರಿ ಬೊಚ್ಚು ಬಾಯಲ್ಲಿ ಉಳಿದರು.

ತಾಳಮದ್ದಳೆ ಕೂಟದ ಭಾನುವಾರ ಬಂತು. ಮಾವ ಹಠದಿಂದ ಕೂತರು. ಮೊದಲ ಪದ್ಯಕ್ಕೆ ಅರ್ಥ ಹೇಳುವಾಗ ಮಾತಿನ ಬದಲು ಗಾಳಿಯೇ ಹೆಚ್ಚು ಹೊರಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಚಾಪೆಯ ಗೆರೆ ಎಣಿಸತೊಡಗಿದೆ. ಆಗ ಮಾಸ್ತರರು, ಅರಸನ ಗತ್ತಿನಲ್ಲೇ, ತೊಡೆಯ ಮೇಲೆ ಕೈಯೂರಿ ಹೇಳಿದರು: "ಓಹೋ. ಹಿರಿಯನಿಗೆ ಪಾಲು ಕೊಡದವನು ಕಿರಿಯನ ಕೈಯಲ್ಲಿ ನೀತಿ ಕೇಳಬೇಕಾದೀತು ಎಂದಲ್ಲವೇ ನೀನು ಆಡಿದ್ದು? ಕೇಳು ಹಾಗಾದರೆ." ಸಂಜೆಯವರೆಗೂ ಹಾಗೆಯೇ. ಮಾವನ ಪ್ರತಿಯೊಂದು ವಾದವನ್ನೂ ತಮ್ಮ ಬಾಯಲ್ಲಿ ಸ್ವಚ್ಛವಾಗಿ ಹೇಳಿ, ಆಮೇಲೆಯೇ ಖಂಡಿಸಿದರು. ಕೊನೆಗೆ ಉತ್ತರವಿಲ್ಲದಂತೆ ತಲೆ ತಗ್ಗಿಸಿದರು. ಎದುರಾಳಿಯ ಬಾಣವನ್ನು ತಾನೇ ಚೂಪು ಮಾಡಿ ಅವನ ಕೈಗಿತ್ತು ಎದೆಯೊಡ್ಡುವ ಅರಸನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲಾಖೆಗೆ ಅಂಥ ಸಂಸ್ಕಾರವೆಲ್ಲಿ? ನನ್ನ ಮೊದಲ ಅರ್ಜಿಗೆ ಒಂದು ನಮೂನೆ ಬಂತು: ಸಾಮಾನು ಹೊಸದೋ, ಬಳಸಿದ್ದೋ? ಬಳಕೆಗೆ ಯೋಗ್ಯವಾದ ಭಾಗವೇನಾದರೂ ಉಳಿದಿದೆಯೋ? ಸತ್ಯಕ್ಕೆ ಬದ್ಧನಾಗಿ 'ಕೆಳ ದವಡೆಯ ಎರಡು ಬದಿ' ಎಂದು ಬರೆದೆ. ಹಾಗಾದರೆ ನಷ್ಟ ಪೂರ್ಣವಲ್ಲ ಎಂದರು. ಅನ್ನವನ್ನು ಅಗಿಯುವ ಬಗೆ ಈ ಮಹಾಶಯರಿಗೆ ಯಾರು ಕಲಿಸಿದ್ದರೋ. ಆಮೇಲೆ ರಾಜ್ಯಗಳ ವಿಂಗಡಣೆಯಾಗಿ ನಾವು ಮದರಾಸಿನಿಂದ ಮೈಸೂರಿಗೆ ಸೇರಿದೆವು. ಮೊನ್ನೆಯ ಮದರಾಸಿಗರ ಹಲ್ಲಿಗೆ ಇಂದಿನ ಮೈಸೂರಿನವರು ಹೊಣೆಯೇ ಎಂದು ಕಡತ ಒಂದು ಮಳೆಗಾಲ ಪೂರ್ತಿ ಯೋಚಿಸಿತು.

ಕೊನೆಗೊಬ್ಬ ಇನ್‌ಸ್ಪೆಕ್ಟರರು ಬಂದರು. ಶಾಲೆಯ ಜಗಲಿಯಲ್ಲೇ ವಿಚಾರಣೆ. ತುಂಡುಗಳನ್ನು ಬಾಳೆಲೆಯ ಮೇಲೆ ಹರಡಿಸಿ ಎಣಿಸಿದರು.

"ಕಟ್ಟನ್ನು ಇಲ್ಲೇ ಯಾಕೆ ಬಿಚ್ಚಲಿಲ್ಲ?"

ನಾನು ಬಾಯಿ ತೆರೆದೆ. "ನೀವಲ್ಲ," ಎಂದರು ಅವರು. "ಹಲ್ಲು ಯಾರದ್ದೋ ಅವರೇ ಹೇಳ್ಬೇಕು."

ಮಾವ ಬೈರಾಸು ತೆಗೆದು ಏನೋ ಹೇಳಿದರು. ಇನ್‌ಸ್ಪೆಕ್ಟರರಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿಸಿದರು, ಆಗಲೂ ಆಗಲಿಲ್ಲ. ಮಾಸ್ತರರು ಗೋಡೆಯ ಭೂಪಟ ನೋಡುತ್ತಾ ಮೆಲ್ಲಗೆ ಹೇಳಿದರು:

"ನನ್ನ ಎದುರು ಬಿಚ್ಚಲಿಕ್ಕೆ ನಾಚಿಕೆಯಾಯ್ತು ಅಂತ ಹೇಳ್ತಾರೆ."

ಮೂರು ತಿಂಗಳ ಮೇಲೆ ತೀರ್ಪು ಬಂತು. ಮುದ್ರೆಗಳು ಅಖಂಡವಾಗಿದ್ದುದರಿಂದಲೂ, ಪಡೆದವರು ಸುಸ್ಥಿತಿಗೆ ರುಜು ಹಾಕಿದ್ದರಿಂದಲೂ, ಸಂಕೋಚವನ್ನು ನಿಯಮಗಳು ಕಾರಣವೆಂದು ಒಪ್ಪದಿರುವುದರಿಂದಲೂ, ಅರ್ಜಿ ವಜಾ. ಓದುಗರೇ, ನಮ್ಮ ಸೀಮೆಯ ಅರ್ಧ ವ್ಯವಹಾರ ನಡೆಯುವುದೇ ಸಂಕೋಚದ ಮೇಲೆ. ನೆಂಟರ ಮನೆಯಲ್ಲಿ ಎರಡನೆಯ ಸಲ ಪಾಯಸ ಬೇಡವೆನ್ನುವುದೂ ಸಂಕೋಚ, ಮೂರನೆಯ ಸಲ ಬಡಿಸುವುದೂ ಅದನ್ನು ಬಲ್ಲವರಾದ್ದರಿಂದ. ಅದು ಗೊತ್ತಿಲ್ಲದ ನಿಯಮಾವಳಿಯನ್ನು ಬರೆದವನು ಯಾವ ಊರಿನಲ್ಲಿ ಉಂಡು ಬೆಳೆದವನು? ನಾನು ಮತ್ತೆ ಬರೆದೆ, ಅದರ ಮೇಲೆ ಮತ್ತೆ ಬರೆದೆ. 'ಪರಿಶೀಲನೆಯಲ್ಲಿದೆ' ಎಂಬ ಒಂದೇ ವಾಕ್ಯ ಹತ್ತು ವರ್ಷ ಬರುತ್ತಲೇ ಇತ್ತು. ಅಷ್ಟು ವರ್ಷವೂ ಮಾವನ ಮಾತನ್ನು ಕೂಟ ಕೂಟದಲ್ಲಿ ಹೊತ್ತವರು ಮಾಸ್ತರರೇ. ನಷ್ಟ ತುಂಬಿಕೊಡಬೇಕಾದ ಇಲಾಖೆ ಕೈ ತೊಳೆದುಕೊಂಡಿತು. ಅದರ ಮೂರುಕಾಸಿನ ನೌಕರ ತುಂಬಿಕೊಟ್ಟ.

ಹೋದ ತಿಂಗಳು ಮಾಸ್ತರರಿಗೆ ಕಡಬದ ಕಡೆಗೆ ವರ್ಗವಾಯಿತು. ಅನಂತರದ ಕೂಟದಲ್ಲಿ ಅರಸನಾಗಿ ಕುಳಿತವನು ಹೊಸ ಯುವಕ, ಚುರುಕಿನವನೇ. ಆದರೆ ಮಾವ ಒಂದು ಹೇಳಿದರೆ ಅವನು ಇನ್ನೊಂದಕ್ಕೆ ಉತ್ತರ ಕೊಟ್ಟ. ಮಾವ ಅರ್ಧದಲ್ಲೇ ಕೈಮುಗಿದು ಎದ್ದರು.

ಇವತ್ತು ಮಧ್ಯಾಹ್ನ ನಾನು ಪುತ್ತೂರಿನಿಂದ ಮರಳಿದಾಗ ಅವರು ಜಗಲಿಯಲ್ಲಿ ಒಂದು ಕಾರ್ಡು ಹಿಡಿದು ಕುಳಿತಿದ್ದರು. ಕಡಬದಲ್ಲಿ ಮಾಸ್ತರರು ಕೂಟ ಇಟ್ಟುಕೊಂಡಿದ್ದಾರೆ. ದೇವರ ಪಾತ್ರಕ್ಕೆ ಕರೆದಿದ್ದಾರೆ.

"ಮಾಣಿ, ಮಂಗಳೂರಿಗೆ ಮೊದಲ ಬಸ್ಸು ಎಷ್ಟೊತ್ತಿಗೆ?"

"ಯಾಕೆ ಮಾವ?"

"ಹಲ್ಲು ಕಟ್ಟಿಸುದು. ನನ್ನ ಮಾತು ಹೊತ್ತು ಹೊತ್ತು ಅವರಿಗೆ ತನ್ನ ಮಾತು ಆಡಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ. ಈ ಸಲ ಅವರು ಗೆಲ್ಲಲಿಕ್ಕೆ ನೋಡ್ಲಿ."

ಪ್ರತಿಜ್ಞೆಯನ್ನು ನೆನಪಿಸಲು ಹೊರಟವನು ನಾಲಗೆ ಕಚ್ಚಿಕೊಂಡೆ. ಹತ್ತು ವರ್ಷದ ನನ್ನ ಕೋಪ ಕಾಗದದ ಮೇಲೆಯೇ ಉಳಿದಿತ್ತು. ಅವರದು ಯಾವಾಗಲೋ ಮುಗಿದಿತ್ತು.

"ಮಾಡಿ ಆದ ಮೇಲೆ ಕಳಿಸಲಿಕ್ಕೆ ಹೇಳುದಾ, ಅಲ್ಲ..."

"ಕಳಿಸುದಾ? ಅಲ್ಲೇ ಕೂತು ಮಾಡಿಸುದು, ಬಾಯಲ್ಲೇ ಹಾಕಿಕೊಂಡು ಬರುದು," ಎಂದರು ಮಾವ. ಬೈರಾಸು ಹೆಗಲ ಮೇಲಿತ್ತು. ಅವರ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿತು.