ಉಪ್ಪು ಕಾಯುವ ಅಜ್ಜಿಯನ್ನು ಹುಟ್ಟಿಸಿದಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೋಕಿಯೊದ ಇತಾಬಾಶಿಯಲ್ಲಿ ಒಂದು ಹಳೆಯ ವಸತಿ ಕಟ್ಟಡದ ನಾಲ್ಕನೇ ಮಹಡಿ. ನುಕದಾ ಸಯೊಕೊ ಬಾಲ್ಕನಿಯಲ್ಲಿ ನಿಂತು ಒಗೆದ ಬಟ್ಟೆ ಹರವುತ್ತಿದ್ದಾರೆ. ಕೈ ಕ್ಲಿಪ್ಪು ಸಿಕ್ಕಿಸುತ್ತಿದೆ, ಬಾಯಿ ತನ್ನ ಪಾಡಿಗೆ ಗೊಣಗುತ್ತಿದೆ.

"ಗಾಳಿನೇ ಇಲ್ಲ ಅಂದ್ಮೇಲೆ ಬಟ್ಟೆ ಒಣಗೋದು ಹೇಗೆ? ಒಣಗಲ್ಲ. ಹಾಗಾದ್ರೆ ಊರಿನವರೆಲ್ಲ ಒದ್ದೆ ಬಟ್ಟೆನೇ ಉಟ್ಕೊಂಡು ಓಡಾಡ್ತಾರಾ?"

ಗಾಳಿ ಧಾರಾಳವಾಗಿಯೇ ಬೀಸುತ್ತಿದೆ, ಅವರ ಕಾಲುಚೀಲಗಳು ಹಾರಾಡುತ್ತಿವೆ. ಆದರೆ ಅವರಿಗಿರುವ ಚಿಂತೆ ಬೇರೊಂದು ಊರಿನದು. ಅಲ್ಲಿ ವರ್ಷಕ್ಕೆ ಒಂದೇ ದಿನ ಗಾಳಿ ಬೀಸುತ್ತದೆ. ಹಿಟ್ಟು ಬೀಸುವುದು, ಹಾಯಿ ಬಿಚ್ಚುವುದು, ಗಾಳಿಪಟ ಹಾರಿಸುವುದು, ಜಗಳವಾಡಿದವರು ದೂರದಿಂದ ಕೂಗಿ ರಾಜಿಯಾಗುವುದು, ಎಲ್ಲವೂ ಆ ಒಂದೇ ದಿನ. ಆ ಊರು ಇನ್ನೂ ಹುಟ್ಟಿಲ್ಲ. ಮುಂದಿನ ಬೇಸಿಗೆಗೆ ಅಂಗಡಿಗೆ ಬರಬೇಕು.

‘ನಾನಾಹಾಮಾ’, ಅಂದರೆ ಏಳು ತೀರ, ಇಲ್ಲಿನ ಮಕ್ಕಳು ಪೊಟ್ಟಣ ಕೊಂಡು, ಒಡೆದು, ಕಾರ್ಡು ಕೂಡಿಹಾಕಿ, ಎದುರುಬದುರು ಕೂತು ಆಡುವ ಆಟ. ಪ್ರತಿ ಕಾರ್ಡಿನಲ್ಲೂ ಒಂದು ಚಿತ್ರ, ಅದರ ಕೆಳಗೆ ಆಟದ ನಿಯಮ, ಅದಕ್ಕೂ ಕೆಳಗೆ ಓರೆ ಅಕ್ಷರದಲ್ಲಿ ಎರಡು ಸಾಲು ಮಾತು. ಚಿತ್ರ ಬರೆದವರ ಹೆಸರು ಮೂಲೆಯಲ್ಲಿ ಅಚ್ಚಾಗುತ್ತದೆ. ಆ ಎರಡು ಸಾಲು ಬರೆದವರ, ಆ ತೀರ, ಅಲ್ಲಿನ ಜನ, ಅವರ ದೇವರು, ಅವರ ತಂಟೆ ತಕರಾರು ಎಲ್ಲವನ್ನೂ ಕಟ್ಟಿದವರ ಹೆಸರು ಎಲ್ಲೂ ಇಲ್ಲ. ಆಟ ಶುರುವಾದ ದಿನದಿಂದ ಆ ಕೆಲಸ ಮಾಡುತ್ತಿರುವವರು ಈ ನುಕದಾ. ವಯಸ್ಸು ಅರವತ್ತೆರಡು. ನಿವೃತ್ತಿಯಾದ ಮೇಲೆ ವರ್ಷವರ್ಷದ ಒಪ್ಪಂದದ ಮೇಲೆ ಅದೇ ಕುರ್ಚಿಯಲ್ಲಿ ಕೂರುತ್ತಾರೆ.

ಕಡಲ ತೀರಗಳನ್ನು ಇಷ್ಟು ಚೆನ್ನಾಗಿ ಕಟ್ಟುವವರು ಕಡಲ ಮಗ್ಗುಲಲ್ಲೇ ಬೆಳೆದಿರಬೇಕು ಎಂದುಕೊಂಡು ಕೇಳಿದೆ. ಅವರು ನಕ್ಕುಬಿಟ್ಟರು. "ನಾನು ಯಾಮಾನಾಶಿಯವಳು, ಸುತ್ತಲೂ ಬೆಟ್ಟ. ಸಮುದ್ರ ನೋಡಿದ್ದು ಸ್ಕೂಲಿನ ಪ್ರವಾಸದಲ್ಲಿ. ನೋಡಿದ ಕೂಡ್ಲೇ ಬಸ್ಸಲ್ಲಿ ತಿಂದಿದ್ದೆಲ್ಲ ವಾಂತಿ ಆಯ್ತು. ಅದನ್ನ ಬರೀಬೇಡಿ." ಬರೆಯದಿದ್ದರೆ ಅವರ ಗುಣ ತಿಳಿಯುವುದಿಲ್ಲ, ಹಾಗಾಗಿ ಬರೆದಿದ್ದೇನೆ.

ಈ ಕೆಲಸಕ್ಕೆ ಬರುವ ಮೊದಲು ಬೀಜದ ಕಂಪನಿಯೊಂದರಲ್ಲಿ ಪೊಟ್ಟಣದ ಹಿಂಬದಿಯ ಬರಹ ಬರೆಯುತ್ತಿದ್ದರು. ಮೂಲಂಗಿಯನ್ನು ಯಾವಾಗ ಬಿತ್ತಬೇಕು, ಎಷ್ಟು ಆಳ, ನೀರು ಹೆಚ್ಚಾದರೆ ಏನಾಗುತ್ತದೆ. ಅಂಗೈಯಗಲದ ಜಾಗದಲ್ಲಿ ಇಡೀ ಒಂದು ಬೆಳೆ. ಕಾರ್ಡಿನಲ್ಲಿ ಸಿಗುವ ಜಾಗ ಅದಕ್ಕಿಂತಲೂ ಕಡಿಮೆ. ಆಟದ ನಿಯಮ ಉದ್ದವಾದರೆ ಅವರ ಸಾಲಿಗೆ ಕತ್ತರಿ ಬೀಳುತ್ತದೆ. ಬಲಶಾಲಿ ಕಾರ್ಡುಗಳಲ್ಲಿ ನಿಯಮವೇ ತುಂಬಿರುವುದರಿಂದ ಅವರ ಒಳ್ಳೊಳ್ಳೆಯ ಮಾತೆಲ್ಲ ಹೋಗಿ ಕೂರುವುದು ಯಾರಿಗೂ ಬೇಡದ ಕಾರ್ಡುಗಳಲ್ಲಿ. ಮಲಗಿದ ದೈತ್ಯನ ಹೊಟ್ಟೆಯ ಮೇಲೆ ಊರು ಕಟ್ಟಿಕೊಂಡವರ ತೀರವೊಂದಿದೆ. ಅಲ್ಲಿ ‘ದೈತ್ಯನ ಕಿವಿ ತೊಳೆಯುವಾಕೆ’ ಎಂಬ ಕಾರ್ಡಿಗೆ ಬಲ ಒಂದೇ ಒಂದು. ಅದರ ಮಾತು ಹೀಗಿದೆ: ‘ಅವನಿಗೆ ಕೆಟ್ಟ ಕನಸು ಬಿದ್ದರೆ ಮೊದಲು ತಿಳಿಯುವುದು ನನಗೆ.’ ಅಂಗಡಿಗಳಲ್ಲಿ ಈ ಕಾರ್ಡು ಪುಕ್ಕಟೆ ಡಬ್ಬಿಯಲ್ಲಿ ಬಿದ್ದಿರುತ್ತದೆ.

"ರಾಜ, ಡ್ರ್ಯಾಗನ್ ಇವರನ್ನೆಲ್ಲ ನಾನು ಮೊದಲು ಕರೆಯಲ್ಲ. ಜನ ಬೆಳಿಗ್ಗೆ ಎದ್ದು ಏನು ತಿಂತಾರೆ, ಕಸ ಎಲ್ಲಿ ಹಾಕ್ತಾರೆ, ಅಷ್ಟು ಗೊತ್ತಾದ್ರೆ ಸಾಕು. ಡ್ರ್ಯಾಗನ್ ತಾನಾಗೇ ಬರುತ್ತೆ. ಕಸ ಹಾಕಿದ ಕಡೆ ಏನಾದ್ರೂ ಬರ್ಲೇಬೇಕಲ್ಲ" ಎನ್ನುತ್ತಾರೆ ನುಕದಾ.

ಅವರು ಕಟ್ಟಿದ್ದರಲ್ಲೆಲ್ಲ ಹೆಸರಾದದ್ದು ಉಪ್ಪಿನ ತೀರ. ಅದು ಹುಟ್ಟಿದ್ದು ಒಂದು ತಪ್ಪಿನಿಂದ ಎಂಬುದು ಈ ತಿಂಗಳವರೆಗೆ ಕಂಪನಿಯ ನಾಲ್ಕೈದು ಹಳಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಜಪಾನಿಯಲ್ಲಿ ಉಪ್ಪಿಗೂ ಶಿಯೊ, ಕಡಲ ಉಬ್ಬರಕ್ಕೂ ಶಿಯೊ. ಬಾಯಲ್ಲಿ ಎರಡೂ ಒಂದೇ, ಬರೆಯುವ ಅಕ್ಷರ ಮಾತ್ರ ಬೇರೆ. ಒಂದೇ ಅಕ್ಷರವನ್ನು ಬೇರೆಬೇರೆ ಬಗೆಯಲ್ಲಿ ಓದುವುದೂ ಉಂಟು. ಕಂಪ್ಯೂಟರಿನಲ್ಲಿ ಉಚ್ಚಾರಣೆಯನ್ನು ಒತ್ತಿದರೆ ಎರಡೂ ಅಕ್ಷರ ಸಾಲಾಗಿ ಬಂದು ನಿಲ್ಲುತ್ತವೆ, ಬೇಕಾದ್ದನ್ನು ನಾವು ಆರಿಸಬೇಕು. ಹತ್ತು ವರ್ಷದ ಹಿಂದೆ ‘ಉಬ್ಬರ ಕಾಯುವ ಅಜ್ಜಿ’ ಎಂದು ಬರೆಯಬೇಕಾಗಿದ್ದ ಕಡೆ ನುಕದಾ ಅವಸರದಲ್ಲಿ ಮೊದಲಿನದನ್ನೇ ಒತ್ತಿದರು. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಿದರು, ಇನ್ನೊಬ್ಬರು ಕೇಳಿ ತಲೆಯಾಡಿಸಿದರು. ಕಿವಿಗೆ ಯಾವ ತಪ್ಪೂ ಬೀಳಲಿಲ್ಲ. ‘ಉಪ್ಪು ಕಾಯುವ ಅಜ್ಜಿ’ ದೇಶದ ತುಂಬ ಅಂಗಡಿಗಳಿಗೆ ಹೋಗಿಬಿಟ್ಟಳು. ಕೆಳಗಿನ ಮಾತು ಇದ್ದದ್ದು: ‘ಅವಳು ನಿದ್ದೆ ಹೋದ ರಾತ್ರಿ ಸಮುದ್ರ ಮನೆಯೊಳಗೆ ಬಂತು.’

ಮೊದಲು ಫೋನು ಮಾಡಿದವರು ಅಕಾಬಾನೆಯಲ್ಲಿ ಕಾರ್ಡಿನ ಅಂಗಡಿ ಇಟ್ಟಿರುವ ಹಿರುಕಾವಾ. ಆ ಮಾತು ಅವರಿಗೆ ಇನ್ನೂ ನೆನಪಿದೆ. "ಮಕ್ಕಳು ನನ್ನ ಪ್ರಾಣ ತಿಂತಿದ್ರು. ಅಜ್ಜಿ ಕಾಯೋದು ಉಪ್ಪು ತಾನೆ, ಅವಳು ಮಲಗಿದ್ರೆ ಸಮುದ್ರ ಯಾಕೆ ಬರ್ಬೇಕು ಅಂತ. ನನಗೇನ್ರೀ ಗೊತ್ತು? ನಾನು ವ್ಯಾಪಾರ ಮಾಡೋನು. ಬರೆದವರನ್ನೇ ಕೇಳೋಣ ಅಂತ ಫೋನ್ ಮಾಡ್ದೆ."

ಆಗಿನ ಮಾಲೀಕರು, ಬೇಕೆಂದೇ ಬರೆದದ್ದು ಎಂದು ಹೇಳಿಬಿಡಿ ಎಂದರು. ಹೇಳುವುದು ಸುಲಭ, ಕಾರಣ ಕೊಡಬೇಕಲ್ಲ. ನುಕದಾ ಕೆಲವು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಹೊಳೆಯಿತು. ಆ ತೀರದ ಸಮುದ್ರ ಸುಮ್ಮನೆ ಮಲಗಿರುವುದು ಉಪ್ಪಿನ ಭಾರದಿಂದ. ಉಪ್ಪು ಕಳೆದುಕೊಂಡರೆ ನೀರು ಹಗುರಾಗಿ ಮೇಲೇಳುತ್ತದೆ, ಮನೆಗಳಿಗೆ ನುಗ್ಗುತ್ತದೆ. ಹಾಗಾಗಿ ಉಪ್ಪು ತಿಂದವರೆಲ್ಲ ಸಂಜೆ ಒಂದು ಚಿಟಿಕೆಯನ್ನು ಸಮುದ್ರಕ್ಕೆ ಹಿಂದಿರುಗಿಸಬೇಕು. ಹಿಂದಿರುಗಿಸಿದರೋ ಇಲ್ಲವೋ ಎಂದು ನೋಡುವುದು ಅಜ್ಜಿಯ ಕೆಲಸ. ಅಷ್ಟಾದ ಮೇಲೆ ಉಪ್ಪಿನ ಕಳ್ಳರು ಬಂದರು, ಅಳುವವರ ಕಣ್ಣೀರು ಕೊಳ್ಳುವ ದಲ್ಲಾಳಿಗಳು ಬಂದರು, ಸಪ್ಪೆ ಊಟದ ವ್ರತ ಹಿಡಿದ ಸೈನಿಕರು ಬಂದರು. ಮಕ್ಕಳು ಆಟಕ್ಕೆ ಕೂರುವ ಮುಂಚೆ ಮೂರು ಬೆರಳು ಕೂಡಿಸಿ ಮೇಜಿನ ಮೇಲೆ ಉಪ್ಪು ಉದುರಿಸಿದಂತೆ ಮಾಡತೊಡಗಿದರು.

"ಮೊದಮೊದಲು ನಿಜವಾದ ಉಪ್ಪೇ ತರೋರು" ಎನ್ನುತ್ತಾರೆ ಹಿರುಕಾವಾ. "ಕಾರ್ಡಿನ ಕವರೊಳಗೆಲ್ಲ ಉಪ್ಪು. ಇದೇನು ಕಾರ್ಡಿನ ಅಂಗಡಿನೋ ಉಪ್ಪಿನಕಾಯಿ ಭರಣಿನೋ ಅಂತ ಬೈದು ಬೋರ್ಡ್ ಹಾಕ್ಬೇಕಾಯ್ತು."

ಈ ವರ್ಷ ಆಟಕ್ಕೆ ಹತ್ತು ತುಂಬುತ್ತದೆ. ಚಿಕ್ಕ ಕಂಪನಿಯನ್ನು ದೊಡ್ಡದೊಂದು ಕೊಂಡುಕೊಂಡಿದೆ, ಆಟ ಬೇರೆ ದೇಶಗಳಿಗೂ ಹೊರಟಿದೆ. ಅಲ್ಲಿನ ಭಾಷೆಗಳಲ್ಲಿ ಉಪ್ಪೇ ಬೇರೆ, ಉಬ್ಬರವೇ ಬೇರೆ. ಯಾವುದು ಸರಿ ಎಂದು ಅನುವಾದಕರು ಕೇಳಿದರು. ನುಕದಾ ಅವರ ಈಗಿನ ಸಂಪಾದಕ ಉಬುಕಾತಾ, ಮೂವತ್ತರ ಆಸುಪಾಸಿನ ಶಿಸ್ತಿನ ಮನುಷ್ಯ, ಆ ಕಾರ್ಡಿನ ಮೊದಲ ಯೋಜನೆಯ ಹಳೆಯ ಕಡತ ತೆಗೆದು ನೋಡಿದರೆ ಅದರಲ್ಲಿ ಇರುವುದು ಉಬ್ಬರ. ಮೇಲಿನವರ ಅಪ್ಪಣೆ ಬಂತು: ಎಲ್ಲ ಭಾಷೆಯಲ್ಲೂ ಮೂಲದಂತೆ ತಿದ್ದಿ. ಉಪ್ಪೇ ಇರಬೇಕೆಂದರೆ ಅದು ತಪ್ಪಿನಿಂದ ಬಂದದ್ದೆಂದು ಹತ್ತನೇ ವರ್ಷಕ್ಕೆಂದು ಹೊರತರುವ ಪುಸ್ತಕದಲ್ಲಿ ಒಪ್ಪಿಕೊಳ್ಳಬೇಕು, ತಪ್ಪು ಮಾಡಿದವರ ಹೆಸರು ಸಮೇತ.

ತಿದ್ದಿದರೆ ಕಳ್ಳರು, ದಲ್ಲಾಳಿಗಳು, ಆ ಒಂದು ಚಿಟಿಕೆ, ಎಲ್ಲವೂ ಅರ್ಥವಿಲ್ಲದೆ ಬಿದ್ದುಹೋಗುತ್ತವೆ. ತಿದ್ದದಿದ್ದರೆ ಮಾರ್ಚಿನಲ್ಲಿ ಮುಗಿಯುವ ಒಪ್ಪಂದಕ್ಕೆ ಕಲ್ಲು ಬೀಳಬಹುದು. "ನನಗೆ ಭಯ ಆಯ್ತು. ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ನುಕದಾ.

ಸಭೆಗೆ ಮುಂಚೆ ಉಬುಕಾತಾ ಬಂದು ನುಕದಾರನ್ನು ಪಕ್ಕಕ್ಕೆ ಕರೆದರಂತೆ. "ನುಕದಾ-ಸಾನ್, ಸುಮ್ನೆ ತಿದ್ದಿಬಿಡೋಣ. ಈ ವಯಸ್ಸಲ್ಲಿ ನಿಮ್ಮ ಹೆಸರು ಯಾಕೆ ಕೆಡಿಸ್ಕೊಳ್ತೀರಿ?"

"ಇದ್ದ ಹೆಸರು ಕೆಡೋದು ಉಬುಕಾತಾ-ಸಾನ್. ನಂದು ಎಲ್ಲಿದೆ ತೋರ್ಸಿ ನೋಡೋಣ."

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ. ಮಲಗಿದ್ದವಳು ನಾನು, ಅಜ್ಜಿನ ಯಾಕೆ ಕೆಲಸದಿಂದ ತೆಗೀಬೇಕು?"

ಸಭೆಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ತಪ್ಪು ನನ್ನದು, ಉಪ್ಪು ಇರಲಿ, ಹೆಸರು ಹಾಕಿ ಎಂದು ಹೇಳಿ ತಲೆಬಾಗಿಸಿ ಕೂತರು. ಮೇಲಿನವರು ಒಪ್ಪಿದರು. ಒಪ್ಪಂದದ ವಿಷಯ ‘ಪರಿಶೀಲಿಸುತ್ತೇವೆ’ ಎಂದರು. ಇಲ್ಲಿ ಆ ಮಾತಿನ ಅರ್ಥ ಏನೆಂದು ಕೆಲಸ ಮಾಡಿದವರಿಗೆಲ್ಲ ಗೊತ್ತು. ನನಗೆ ಬೇಜಾರಾಯಿತು, ಅವರಿಗೆ ಆದಂತೆ ಕಾಣಲಿಲ್ಲ.

ನಾನು ಕೊನೆಯ ಸಲ ಅವರ ಕಚೇರಿಗೆ ಹೋದಾಗ ಉಬುಕಾತಾ ಆ ಪುಟದ ಕರಡು ತಂದು ಮೇಜಿನ ಮೇಲಿಟ್ಟರು. ಅಜ್ಜಿಯ ಚಿತ್ರ, ಅದರ ಕೆಳಗೆ ತಪ್ಪೊಪ್ಪಿಗೆಯ ನಾಲ್ಕು ಸಾಲು, ಕೊನೆಗೆ ಹೆಸರು. ಹತ್ತು ವರ್ಷದಲ್ಲಿ ಅದು ಅಚ್ಚಾಗುತ್ತಿರುವುದು ಇದೇ ಮೊದಲು. ನುಕದಾ ಕನ್ನಡಕ ಏರಿಸಿ, ಬೆರಳಿಟ್ಟು ನಿಧಾನವಾಗಿ ಓದಿದರು. ಆಮೇಲೆ ಕೆಂಪು ಪೆನ್ನು ಕೈಗೆತ್ತಿಕೊಂಡರು. ಉಬುಕಾತಾರ ಮುಖ ಸಣ್ಣದಾಯಿತು.

"ಏನಾದ್ರೂ ಮೆತ್ತಗೆ ಮಾಡ್ಬೇಕಿತ್ತಾ? ನಾನು ಆದಷ್ಟು ಸೌಮ್ಯವಾಗೇ ಬರ್ದಿದೀನಿ."

"ಅದೆಲ್ಲ ಸರಿಯಾಗಿದೆ. ಹೆಸರಿನ ಮೇಲೆ ಓದೋ ರೀತಿನ ಚಿಕ್ಕ ಅಕ್ಷರದಲ್ಲಿ ಹಾಕ್ಸಿ" ಎಂದು ಅವರು ತಾವೇ ಬರೆದು ತೋರಿಸಿದರು, ನು, ಕ, ದಾ. "ನಮ್ಮ ಮನೆತನದ ಹೆಸರು ದೊಡ್ಡವರಿಗೇ ಓದೋಕೆ ಬರಲ್ಲ. ಬ್ಯಾಂಕಲ್ಲಿ ಈಗ್ಲೂ ಗಕುದಾ-ಸಾನ್ ಅಂತ ಕೂಗ್ತಾರೆ. ಉಪ್ಪು ತಂದವಳು ಯಾರು ಅಂತ ಮಕ್ಕಳು ಸರಿಯಾಗಿ ಓದ್ಲಿ."