ಜೋಡಿ ಬಂದಾಕಿ

ಬೇಸಿಗೆಯಲ್ಲಿ ಧಾರವಾಡದ ನಮ್ಮ ಹಾಸ್ಟೆಲು ಅರ್ಧ ಸತ್ತಂತೆ ಇರುತ್ತದೆ. ವಿಶ್ವವಿದ್ಯಾಲಯದ ಹುಡುಗಿಯರೆಲ್ಲ ಊರು ಸೇರಿರುತ್ತಾರೆ. ಸಂಶೋಧನೆಯ ನೆಪದಲ್ಲಿ ಉಳಿದ ನಾವು ಇಬ್ಬರೋ ಮೂವರೋ ವರಾಂಡದಲ್ಲಿ ಎದುರಾದರೆ ತಲೆಯಾಡಿಸಿ, ನಮ್ಮ ನಮ್ಮ ಬಾಗಿಲು ಹಾಕಿಕೊಳ್ಳುತ್ತೇವೆ. ನನಗೆ ಇದು ಒಗ್ಗುತ್ತದೆ. ಮೊನ್ನೆ ಸಂಜೆ ಮೆಟ್ಟಿಲು ಹತ್ತುತ್ತಿದ್ದಾಗ ಮಾತ್ರ ಕಾಲು ತಾನಾಗಿ ನಿಂತಿತು. ಹುರಿದ ಗುರೆಳ್ಳು ಚಟ್ನಿಪುಡಿಯ ವಾಸನೆ. ಸ್ವಲ್ಪ ಕಹಿ, ಸ್ವಲ್ಪ ಬೆಳ್ಳುಳ್ಳಿ, ಹಿಂದೆ ಎಲ್ಲೋ ಒಲೆಯ ಹೊಗೆ. ನೀವು ನಮ್ಮ ಕಡೆಯವರಾದರೆ ವಿವರಿಸಬೇಕಾಗಿಲ್ಲ. ಅಲ್ಲವಾದರೆ ವಿವರಿಸಿ ಉಪಯೋಗವಿಲ್ಲ.

ಹೈಸ್ಕೂಲು ಮಕ್ಕಳ ಬೇಸಿಗೆ ತರಗತಿಗೆ ಬಂದ ಇಬ್ಬರು ಹುಡುಗಿಯರು ಕೋಣೆಯ ಬಾಗಿಲು ತೆರೆದಿಟ್ಟು, ನೆಲದ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದರು.

"ಯಾವೂರು?" ಎಂದೆ.

"ಮಸ್ಕಿ ರೀ," ಎಂದಳು ಎತ್ತರದವಳು. "ನಾ ಕ್ಲಾಸಿಗೆ ಬಂದೀನ್ರಿ. ಈಕಿ ನನ್ನ ಜೋಡಿ ಬಂದಾಳ."

ಇನ್ನೊಬ್ಬಳು ತಲೆ ಎತ್ತಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದಳು. ನಾನು "ಹೌದಾ" ಎಂದಷ್ಟೇ ಹೇಳಿ ನನ್ನ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡೆ. ನನಗೆ ಬಿಗುಮಾನ ಹೆಚ್ಚು ಎಂದು ಇಲ್ಲಿ ಹೆಸರಿದೆ. ಆ ಹೊತ್ತು ಅದು ಬಿಗುಮಾನವಾಗಿರಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ. ನೀರಿಗೆ ಹೋಗಲಿ, ಗುಡಿಗೆ ಹೋಗಲಿ, ಜೋಡಿ ಬೇಕು. ಜೋಡಿ ಹೋದವಳಿಗೆ ಅಲ್ಲಿ ಕೆಲಸವಿರಬೇಕೆಂದಿಲ್ಲ. ಪಕ್ಕದಲ್ಲಿ ಇರುವುದೇ ಅವಳ ಕೆಲಸ. ಸಿಂಧನೂರಿನ ಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿ ಮುಗಿಸಿದಾಗ, ಧಾರವಾಡದ ಬೇಸಿಗೆ ತರಗತಿಗೆ ನನ್ನನ್ನು ಆರಿಸಿದ್ದಾರೆಂದು ಸುದ್ದಿ ಬಂತು. ಅಪ್ಪ ತಮ್ಮ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದರು. ಸಕ್ಕರೆ ಮುಗಿದ ಮೇಲೆ ಅವ್ವ ಕೇಳಿದಳು: "ಅಲ್ರಿ, ಜೋಡಿ ಯಾರು?"

ಜೋಡಿ ನಮ್ಮ ಮನೆಯಲ್ಲೇ ಇದ್ದಳು. ನೀಲಾ ನನ್ನ ಸೋದರತ್ತೆಯ ಮಗಳು, ನನ್ನ ವಯಸ್ಸಿನವಳೇ. ಅತ್ತೆ ತುರ್ವಿಹಾಳದವರು, ಗಂಡ ಇರಲಿಲ್ಲ, ಹೊಲವನ್ನು ಪಾಲಿಗೆ ಹಾಕಿದ್ದರು. ಮಗಳನ್ನು ಓದಲೆಂದು ನಮ್ಮಲ್ಲಿ ಬಿಟ್ಟಿದ್ದರು. ಅವರ ಮನೆಯ ತೀರ್ಮಾನಗಳೆಲ್ಲ ಅಪ್ಪನವು. ನಾವಿಬ್ಬರೂ ಒಂದೇ ತರಗತಿ. ನಾನು ಓದುವಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ನನ್ನ ಬಾಯಿಪಾಠದ ತಪ್ಪು ಹಿಡಿಯುತ್ತಿದ್ದಳು.

ಧಾರವಾಡಕ್ಕೆ ಬರ ಬಿದ್ದಿದೆ ಎಂದು ಯಾರೋ ಹೇಳಿದ್ದಾರೇನೋ ಎಂಬಂತೆ ಅವ್ವ ಕಟಕ ರೊಟ್ಟಿಯ ಗಂಟು ಕಟ್ಟಿದಳು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸುವಾಗ ಗಂಟನ್ನು ನೀಲಾ ತಲೆಯ ಮೇಲೆ ಹೊತ್ತಳು. ನಾನು ಪುಸ್ತಕದ ಚೀಲ ಹಿಡಿದು, ತರಗತಿಗೆ ಹೋಗುವವಳ ಗಾಂಭೀರ್ಯದಿಂದ ಹಿಂದೆ ನಡೆದೆ.

ಆ ಗಾಂಭೀರ್ಯ ಹಾಸ್ಟೆಲಿನ ಮೊದಲ ಸಂಜೆಗೇ ಕರಗಿತು. ಸ್ನಾನದ ಮನೆಗಳು ವರಾಂಡದ ತುದಿಯಲ್ಲಿದ್ದವು. ಅಲ್ಲಿಗೆ ಒಬ್ಬಳೇ ಹೋಗಲು ನನಗೆ ಅಂಜಿಕೆ. ಎಂಥ ಅಂಜಿಕೆಯೆಂದರೆ, ಹೇಳಲೂ ಅಂಜಿಕೆ. ನೀಲಾ ಕೇಳಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋದಳು. ನಾನು ಒಳಗಿರುವಷ್ಟು ಹೊತ್ತೂ ಹೊರಗೆ ಕುಳಿತು, ನಾನು ಕರೆಯದಿದ್ದರೂ ಆಗಾಗ ಕೂಗುತ್ತಿದ್ದಳು: "ಇಲ್ಲೇ ಅದೀನಿ ಬೇ."

ತರಗತಿಯಲ್ಲಿ ಭೂಗೋಳದ ಮಾಸ್ತರರು ನಮಗೆ ನೆಲದ ಏರಿಳಿತ ಅಳೆಯುವುದನ್ನು ಕಲಿಸಿದರು. ತೆಳ್ಳಗಿನ ಮನುಷ್ಯ, ಬಿಸಿಲಲ್ಲೂ ಮಡಿಚಿದ ಕೊಡೆಯನ್ನೇ ಹಿಡಿದು ಓಡಾಡುವವರು. ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನಿನಲ್ಲಿ ಒಬ್ಬರು ನೋಡಬೇಕು. ದೂರದಲ್ಲಿ ಇನ್ನೊಬ್ಬರು, ಕಪ್ಪು ಕೆಂಪು ಅಂಕಿಗಳಿದ್ದ ಉದ್ದನೆಯ ಅಳತೆ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ನೋಡುವವರು ಕೈ ಎತ್ತಿದರೆ ಕೋಲು ಹಿಡಿದವರು ಅಲುಗಾಡುವಂತಿಲ್ಲ. ಅಂಕಿ ಸಿಕ್ಕ ಮೇಲೆ ಕೈ ಇಳಿಸುತ್ತಾರೆ. ಆಗಷ್ಟೇ ಬಿಡುಗಡೆ.

ನೀಲಾ ಬೇವಿನ ಗಿಡದ ಕೆಳಗೆ ಕುಳಿತಿದ್ದಳು.

"ಏನವಾ, ನೀ ಯಾಕ ಸುಮ್ಮನೆ ಕೂತೀ?" ಎಂದರು ಮಾಸ್ತರರು.

"ನಾ ಬರೇ ಜೋಡಿ ಬಂದೀನ್ರಿ."

"ಹಂಗಾದ್ರ ಈ ಕೋಲು ಹಿಡಿ. ಪಾಪ, ಅದಕ್ಕೂ ಒಂದು ಜೋಡಿ ಬೇಕಾಗೇದ."

ಎಲ್ಲರೂ ನಕ್ಕರು. ನೀಲಾ ಎದ್ದು ಹೋಗಿ ಕೋಲು ಹಿಡಿದಳು. ನನ್ನ ಸರದಿ ಬಂದಾಗ ನಾನು ಒಂದು ಅಂಕಿಯನ್ನು ನೋಡಿ, ಮತ್ತೆ ನೋಡಿ, ಬರೆದು, ಬರೆದದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿದೆ. ನನ್ನ ಸ್ವಭಾವವೇ ಅದು. ಕೈ ಇಳಿಸುವುದು ಮರೆತೇಹೋಗಿತ್ತು. ಆಮೇಲೆ ನೀಲಾ ಬಂದು ತೋಳು ಒತ್ತಿಕೊಳ್ಳುತ್ತ ಅಂದಳು: "ನಿಂದು ಬಾಳ ಹೊತ್ತು ಬೇ! ನನ್ನ ನೆಳ್ಳ ಸೈತ ಬ್ಯಾಸತ್ತು ಆಕಡಿ ಹೊಳ್ಳಿ ಕುಂತಿತ್ತು."

ಕೊನೆಗೆ ಅವಳು ಮಾಸ್ತರರ ಮುಂದೆ ನಿಂತು ಮೆಲ್ಲಗೆ ಕೇಳಿದಳು: "ನಾನೂ ಒಂದೀಟು ನೋಡ್ಲೇನ್ರಿ?"

ನೋಡಿದವಳು ಜೋರಾಗಿ ನಕ್ಕಳು. "ಎಲ್ಲಾ ತಲಿಕೆಳಗ ಕಾಣಾಕತ್ತೈತಲ್ರಿ!"

"ಅದು ಹಳೇ ದುರ್ಬೀನು, ಹಾಗೇ ತೋರಸ್ತದ. ತಲೆಕೆಳಗಾ ಕಂಡ್ರೂ ಅಂಕಿ ಖರೇನೇ ಇರ್ತಾವ."

ಅವಳು ದುರ್ಬೀನಿನಿಂದ ಕಣ್ಣು ತೆಗೆಯಲೇ ಇಲ್ಲ. ಹಾಗೇ ಬಗ್ಗಿಕೊಂಡು ಹೇಳಿದಳು: "ಕಾಲುವಿ ಬರೂಕಿಂತ ಮದಲ ನಮ್ಮ ಹೊಲದಾಗ ಇದನ್ನ ಇಟ್ಟಿದ್ರು. ನಾ ಸಣ್ಣಾಕಿದ್ದೆ. ಹತ್ರ ಹೋದ್ರ ಓಡಿಸಿಬಿಟ್ರು. ಒಳಗ ಏನೈತಿ ಅಂತ ಅವತ್ತಿಂದ ಕೇಳಾಕತ್ತೀನಿ, ಯಾರೂ ಹೇಳವಲ್ರು."

ಆ ದಿನ ಮಾಸ್ತರರು ಕಾಲುವೆಯ ಮಾತನ್ನೇ ಆಡಿದರು. ಅಣೆಕಟ್ಟಿನಿಂದ ನಮ್ಮೂರಿನವರೆಗೆ ನೀರನ್ನು ಯಾರೂ ನೂಕುವುದಿಲ್ಲ, ಎಳೆಯುವುದಿಲ್ಲ. ನೆಲ ಕಣ್ಣಿಗೆ ಸಪಾಟು. ಒಳಗೆ ಕೂದಲಿನಷ್ಟು ಇಳಿಜಾರು. ಅದರ ಬೆನ್ನು ಹತ್ತಿ ನೀರು ಬರುತ್ತದೆ.

"ಅಂದ್ರ," ನೀಲಾ ಕೇಳಿದಳು, "ನಮಗ ಗೊತ್ತಾಗಂಗಿಲ್ಲ, ನೀರಿಗೆ ಗೊತ್ತಾಗ್ತದ?"

ಮರುದಿನದಿಂದ ಅವಳು ಗಿಡದ ಕೆಳಗೆ ಕೂರಲಿಲ್ಲ. ಬಿಡುವಾದಾಗಲೆಲ್ಲ ಮಾಸ್ತರರ ಬೆನ್ನ ಹಿಂದೆ. ನಾವು ತಲೆಕೆಳಗಾದ ಅಂಕಿಗಳ ಮುಂದೆ ತಡಕಾಡುವಾಗ ಅವಳು ಥಟ್ಟನೆ ಓದುತ್ತಿದ್ದಳು. ಕೊನೆಯ ದಿನ ಮಾಸ್ತರರು ಕೊಡೆಯ ತುದಿಯಿಂದ ಅವಳನ್ನು ತೋರಿಸಿ ಹೇಳಿದರು: "ಬರೂ ಬ್ಯಾಸಗಿಗೆ ಇದರ ಎರಡನೇ ಭಾಗ ಅದ. ಕೋಲು ಹಿಡೀಲಿಕ್ಕೆ ಬರಬ್ಯಾಡ. ಕಲೀಲಿಕ್ಕೆ ಬಾ. ನಿನ್ನ ಹೆಸರು ನಾ ಬರಕೋತೀನಿ."

ಮರಳುವಾಗ ಲಿಂಗಸುಗೂರಿನ ನಿಲ್ದಾಣದಲ್ಲಿ, ಖಾಲಿಯಾದ ಗಂಟಿನ ಬಟ್ಟೆಯನ್ನು ಮಡಿಚುತ್ತ ಅವಳು ಹೇಳಿದಳು: "ಮುಂದಿನ ವರ್ಷ ನಾ ನಿನ್ನ ಜೋಡಿ ಬರಂಗಿಲ್ಲ ನೋಡು."

"ಮತ್ತ?"

"ನೀ ನನ್ನ ಜೋಡಿ ಬಾ."

ಇಬ್ಬರೂ ಬಸ್ಸು ಬರುವವರೆಗೆ ನಕ್ಕೆವು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ವರ್ಷವಿಡೀ ಅವಳು ಕಾಲುವೆಯ ಸೇತುವೆ ದಾಟುವಾಗ ನಿಲ್ಲುತ್ತಿದ್ದಳು. "ಸಪಾಟ ಕಾಣ್ತದಲ್ಲ?" ಎಂದು ನನ್ನನ್ನೇ ಪರೀಕ್ಷೆ ಮಾಡುವಂತೆ ಕೇಳುತ್ತಿದ್ದಳು. ಅಷ್ಟರಲ್ಲಿ ವಳಕಮದಿನ್ನಿಯಿಂದ ಅವಳಿಗೊಂದು ಸಂಬಂಧ ಬಂತು. ನೀರಾವರಿ ಹೊಲ, ಭತ್ತದ ಮನೆ. ಅತ್ತೆ ಕೈಮುಗಿದು "ಅಣ್ಣ ಅಂದಂಗ" ಎಂದರು.

ಬೇಸಿಗೆ ಹತ್ತಿರವಾದಾಗ ಅಪ್ಪ ಒಂದೇ ಟಿಕೆಟ್ಟಿನ ಮಾತಾಡಿದರು. "ಹೋದ ವರ್ಷ ಹೋಗಿ ಬಂದಾಳ, ರೂಢಿ ಆಗ್ಯದ. ಈಗ ಜೋಡಿ ಯಾಕ? ನೀಲಾಂದು ಲಗ್ನದ ಮಾತು ನಡದದ, ಆಕಿ ಮನ್ಯಾಗಿರ್ಲಿ." ಮಾಸ್ತರರು ನೀಲಾಳನ್ನು ಕರೆದಿದ್ದಾರೆ ಎಂದು ನಾನು ಹೇಳಿದೆ. ಅಪ್ಪ ಪ್ರೀತಿಯಿಂದಲೇ ನಕ್ಕರು. "ದೊಡ್ಡೋರು ಹಂಗ ಅಂತಾರವ್ವ. ಮನಿಗೆ ಬಂದೋರಿಗೆ ನಾವು ಮತ್ತ ಬರ್ರಿ ಅನ್ನಂಗಿಲ್ಲೇನು?"

ಆಗ ನನಗೊಂದು ಉಪಾಯ ಹೊಳೆಯಿತು. ನನಗೆ ಅಂಜಿಕೆಯಿದ್ದರೆ ಜೋಡಿ ಬೇಕಾಗುತ್ತದೆ. ಜೋಡಿ ಎಂದರೆ ನೀಲಾ. ಹೀಗಾಗಿ ನಾನು ಅಂಜತೊಡಗಿದೆ. ನಿಜವಾದ ಅಂಜಿಕೆಯನ್ನು ಒಂದು ವರ್ಷ ಮುಚ್ಚಿಟ್ಟವಳಿಗೆ ಅದನ್ನು ನಟಿಸಲು ಬರಲಿಲ್ಲ ಎಂಬುದು ವಿಚಿತ್ರ. ಹಿತ್ತಲಿಗೆ ಹೋಗಲು ಅಂಜಿದೆ, ಬೆಕ್ಕಿಗೆ ಅಂಜಿದೆ. ಕಡೆಗೆ ಅಂಗಡಿಗೆ ಬರುವ ಮುದುಕ ದರ್ಜಿಯನ್ನು ಕಂಡೂ ಚೀರಿದೆ. ಆತ ಪಾಪ ವಾರಗಟ್ಟಲೆ ನಮ್ಮ ಮನೆಯ ಕಡೆ ಬರಲಿಲ್ಲ.

ಒಂದು ಮುಂಜಾನೆ ಅಪ್ಪ ಊಟದ ತಾಟಿನ ಮುಂದೆ ಕುಳಿತು ಹೇಳಿದರು: "ಇಷ್ಟು ಅಂಜಾಕಿ ಪರಊರಾಗ ಹ್ಯಾಂಗಿರ್ತಾಳ? ಬ್ಯಾಡ ಬಿಡು. ಈಕೀನೂ ಹೋಗೂದು ಬ್ಯಾಡ. ಓದಿದ್ದು ಸಾಕು."

ಒಲೆಯ ಮುಂದೆ ನೀಲಾ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು. ಅವಳು ನಮ್ಮ ಕಡೆ ತಿರುಗಲಿಲ್ಲ.

"ಆಕಿ ಏನೂ ಅಂಜಂಗಿಲ್ಲ ಮಾವ. ನಾಟಕ ಮಾಡಾಕತ್ತಾಳ."

"ನಿನಗ ಹ್ಯಾಂಗ ಗೊತ್ತು?"

"ಹೋದ ವರ್ಷ ಹಾಸ್ಟೆಲಿನ್ಯಾಗ ಅಂಜಿದಾಕಿ ನಾನು. ಸಂಜಿಕ ಆಕೀನ ನನ್ನ ಕೈ ಹಿಡಕೊಂಡು ಕರಕೊಂಡು ಹೋಗ್ತಿದ್ಲು. ನಾ ಜಳಕ ಮಾಡೂತನ ಹೊರಗ ಕುಂತು 'ಇಲ್ಲೇ ಅದೀನಿ, ಇಲ್ಲೇ ಅದೀನಿ' ಅಂತಿದ್ಲು. ಆಕಿಗೆ ಜೋಡಿ ಬೇಕಾಗಿಲ್ಲ. ಕಳಸ್ರಿ."

ಅಪ್ಪ ನನ್ನನ್ನು ನೋಡಿದರು. ಅವರ ಮುಖದಲ್ಲಿ ಹೆಮ್ಮೆ ನಿಧಾನವಾಗಿ ಏರಿತು. "ಹೌದೇನವ್ವ?"

ಹೌದೆಂದರೆ ಅವಳು ಉಳಿಯುತ್ತಾಳೆ. ಇಲ್ಲವೆಂದರೆ ಇಬ್ಬರೂ ಉಳಿಯುತ್ತೇವೆ. ನಾನು ಏನೂ ಹೇಳಲಿಲ್ಲ. ಅಪ್ಪ ಅದನ್ನು ವಿನಯ ಎಂದು ತಿಳಿದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ನಾವಿಬ್ಬರೂ ಒಂದೇ ಮನೆಯ ಒಂದೇ ನೆಲದ ಮೇಲೆ ಬೆಳೆದವರು. ಒಂದೇ ಕೌದಿ, ಒಂದೇ ತಾಟು. ಎಷ್ಟು ಸಪಾಟು ಎಂದು ನಾನು ತಿಳಿದಿದ್ದೆ!

ನಾನು ಹೊರಡುವ ದಿನ ಅವಳೇ ಗುರೆಳ್ಳು ಹುರಿದು, ಕುಟ್ಟಿ, ಡಬ್ಬಿ ತುಂಬಿದಳು. "ಅಲ್ಲಿ ಏನೇನು ಕಲಿಸ್ತಾರ, ಎಲ್ಲಾ ಬಂದು ಹೇಳು," ಎಂದಳು. ಮಾಸ್ತರರು ಮೊದಲ ದಿನವೇ ಕೇಳಿದರು, "ಆ ಕೋಲಿನ ಹುಡುಗಿ ಎಲ್ಲೆ?" "ಬರಲಿಲ್ಲ ಸರ್," ಎಂದೆ. ಅವರು ಇನ್ನೂ ಏನನ್ನೋ ಕಾಯುವವರಂತೆ ನಿಂತರು. ಆಮೇಲೆ ಎಂದೂ ಬಿಚ್ಚದ ಆ ಕೊಡೆಯನ್ನು ಬಿಚ್ಚಿಕೊಂಡು ನಡೆದರು. ಸಂಜೆ ಸ್ನಾನದ ಮನೆಯಲ್ಲಿ ನಾನು ನೀರು ಹಾಕಿಕೊಳ್ಳುವುದನ್ನು ನಿಲ್ಲಿಸಿ ನಿಲ್ಲಿಸಿ ಹೊರಗೆ ಕಿವಿಗೊಡುತ್ತಿದ್ದೆ.

ನಾನು ಮರಳಿ ಬಂದ ಮೇಲೆ ಅವಳ ಲಗ್ನವಾಯಿತು. ಆ ಗದ್ದಲದಲ್ಲಿ ಏನನ್ನೂ ಹೇಳಲಾಗಲಿಲ್ಲ. ಅವಳೂ ಕೇಳಲಿಲ್ಲ.

ಹೋದ ವರ್ಷ ವಳಕಮದಿನ್ನಿಗೆ ಹೋಗಿದ್ದೆ. ಭತ್ತದ ನಾಟಿಯ ಕಾಲ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡೇ ಗದ್ದೆಯಿಂದ ಓಡಿ ಬಂದಳು. ಇಬ್ಬರು ಮಕ್ಕಳು. ನನ್ನ ಸೀರೆ ಮುಟ್ಟಿ ನೋಡಿದಳು, ಸೊರಗಿದ್ದೀ ಎಂದು ಬೈದಳು.

"ದುರ್ಬೀನು ನೆನಪದ ಏನ ನೀಲಾ?" ಎಂದೆ.

"ಯಾವ ದುರ್ಬೀನು ಬೇ? ನಿನಗ ಹಳೇವೆಲ್ಲಾ ಬಾಳ ನೆನಪಿರ್ತಾವ. ಚಾ ಕುಡಿ, ಆರಾಕತ್ತದ."

ಬಸ್ಸಿನವರೆಗೆ ಬಂದಳು. ಬಸ್ಸು ಹೊರಟಿತು. ಅವಳು ಕಾಲುವೆಯ ಏರಿಯ ಮೇಲೆ ನಿಂತಿದ್ದಳು. ಸಣ್ಣವನು ಅವಳ ಸೆರಗು ಎಳೆಯುತ್ತಿದ್ದ. ನಾನು ಕಿಟಕಿಯಿಂದ ಕೈ ಎತ್ತಿದೆ, ಎಲ್ಲರೂ ಎತ್ತುವ ಹಾಗೆ. ಅವಳು ಪ್ರತಿಯಾಗಿ ಕೈ ಬೀಸಲಿಲ್ಲ. ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈಗಳನ್ನು ಎದೆಯ ಮುಂದೆ ತಂದು, ಇಲ್ಲದ ಏನನ್ನೋ ಹಿಡಿದು, ಅಲುಗಾಡದೆ ನಿಂತಳು. ಆ ಏರಿ ತಿರುವಿನಲ್ಲಿ ಮರೆಯಾಗುವವರೆಗೂ ನನಗೆ ಕೈ ಇಳಿಸಲಾಗಲಿಲ್ಲ.

ಈಗ ಆ ಮಾಸ್ತರರು ನಿವೃತ್ತರು. ಬೇಸಿಗೆಯ ಮಕ್ಕಳಿಗೆ ದುರ್ಬೀನು ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನೆ ಮೈದಾನದಲ್ಲಿ ಕೋಲು ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ. ಮಸ್ಕಿಯ ಎತ್ತರದ ಹುಡುಗಿ ಸಹಜವಾಗಿ ಹೇಳಿದಳು: "ನಮ್ಮ ಜೋಡಿ ಬಂದಾಕಿ ಸುಮ್ಮನ ಕುಂತಾಳಲ್ರಿ, ಆಕಿ ಹಿಡೀತಾಳ." ಜೋಡಿ ಬಂದವಳು ಆಗಲೇ ಎದ್ದಿದ್ದಳು.

"ನಿನ್ನ ಹೆಸರೇನು?" ಎಂದೆ.

ತನ್ನನ್ನೇ ಕೇಳಿದ್ದೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. "ಶಾಂತವ್ವರಿ."

"ಶಾಂತವ್ವ, ಮೊದಲು ನೀ ನೋಡು. ಕೋಲು ನಾ ಹಿಡೀತೀನಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ನಾನು ಕೋಲನ್ನು ಹೆಗಲ ಮೇಲಿಟ್ಟುಕೊಂಡು ಮೈದಾನದ ಆ ತುದಿಗೆ ನಡೆದೆ. ಇಷ್ಟು ವರ್ಷದಲ್ಲಿ ನಾನು ಆ ತುದಿಯಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅಲ್ಲಿಂದ ಅಂಕಿ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ದೂರದಲ್ಲಿ ಯಾರೋ ಬಗ್ಗಿ ನೋಡುತ್ತಿರುತ್ತಾರೆ, ಅಷ್ಟೆ. ಕೋಲು ತಿಳಿದದ್ದಕ್ಕಿಂತ ಭಾರವಾಗಿತ್ತು.

ಶಾಂತವ್ವ ದುರ್ಬೀನಿಗೆ ಕಣ್ಣು ಹಚ್ಚಿದಳು. ಅವಳ ಕಣ್ಣಿನಲ್ಲಿ ನಾನು ತಲೆಕೆಳಗಾಗಿ ನಿಂತಿರಬೇಕು. ಅವಳ ನಗು ಗಾಳಿಯಲ್ಲಿ ಇಲ್ಲಿಯವರೆಗೂ ಬಂತು. ಆಮೇಲೆ ಅವಳು ಕೈ ಎತ್ತಿದಳು.

ನಾನು ಅಲುಗಾಡದೆ ನಿಂತೆ.