ಗಂಗೆಯ ಲಾಯಕ್ಕೆ ರಾಜ ಬಂದ ದಿನ

ಅದು ೧೯೭೮ನೇ ಇಸವಿ. ಹೊನ್ನಾಳಿಯಲ್ಲಿ ನಮ್ಮ ಯಜಮಾನರು ಜಟಕಾ ಹೊಡೆಯುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ನಮ್ಮ ಹೆಣ್ಣು ಕುದುರೆ ಗಂಗೆ ಗಬ್ಬವಾಗಿದ್ದರಿಂದ ಗಾಡಿಗೆ ಕಟ್ಟುವಂತಿರಲಿಲ್ಲ. ಹಿಂದಿನ ಸಲ ಕಂದು ಹಾಕಿತ್ತು. ಈ ಸಲವಾದರೂ ಮರಿ ಉಳಿಯಲಿ ಎಂದು ಅತ್ತೆ ದಿನಾ ಅದರ ಮೈ ಸವರಿ ಹುರುಳಿ ತಿನ್ನಿಸುತ್ತಿದ್ದರು.

ಗಾಡಿ ನಿಂತರೆ ಮನೆ ನಡೆಯುವುದು ಹೇಗೆ? ಯಜಮಾನರು ಜಗಳೂರಿಗೆ ಹೋಗಿ ರಾಜ ಎಂಬ ಗಂಡು ಕುದುರೆಯನ್ನು ತಂದರು. ಅದನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿ, ಸ್ನಾನಕ್ಕೆಂದು ಹೊಳೆಗೆ ಹೋದರು.

ಅತ್ತೆ ಆಗಲೇ ಆರತಿ ತಟ್ಟೆ ಹಿಡಿದು ನಿಂತಿದ್ದರು. ಎರಡನ್ನೂ ಲಾಯದಲ್ಲಿ ಜೋಡಿ ನಿಲ್ಲಿಸಿ ಆರತಿ ಎತ್ತಬೇಕಂತೆ!

"ಬ್ಯಾಡ್ರೀ ಅತ್ತೆ," ಎಂದೆ. ಚನ್ನಗಿರಿಯ ನನ್ನ ತವರೂ ಜಟಕಾ ಮನೆಯೇ. "ಗುರುತಿಲ್ಲದ ಕುದುರೆಗಳನ್ನ ಹತ್ರ ಬಿಟ್ರೆ ಕಚ್ಚಾಡ್ತಾವೆ. ಒಂದಷ್ಟು ದಿನ ದೂರ ಕಟ್ಟೋಣ. ಹೊಟ್ಟೇಲಿ ಮರಿ ಐತೆ."

"ನನಗೇ ಕಲಿಸಾಕೆ ಬಂದೆಯೇನೇ? ಹೊಸ ಜೀವ ಮನೆಗೆ ಬಂದಾಗ ಹೊರಗೆ ನಿಲ್ಲಿಸಬಾರ್ದು."

ನಮ್ಮತ್ತೆ ಹಿಡಿದ ಹಟ ಬಿಡುವವರಲ್ಲ. ನಾನೇನು ಕಮ್ಮಿಯೇ? ಸಿಟ್ಟಿನಲ್ಲಿ ಕೊಡ ಎತ್ತಿಕೊಂಡು ಬಾವಿಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಲಾಯದಿಂದ ಕುದುರೆ ಕಿರುಚಿದ್ದು ಕೇಳಿಸಿತು. ಕೊಡ ಅಲ್ಲೇ ಕುಕ್ಕಿ ಓಡಿದೆ. ಅತ್ತೆ ರಾಜನನ್ನು ಗಂಗೆಯ ಮಗ್ಗುಲಲ್ಲೇ ನಿಲ್ಲಿಸಿಬಿಟ್ಟಿದ್ದರು. ಗಂಗೆ ಕಿವಿ ಹಿಂದಕ್ಕೆ ಮಲಗಿಸಿ ಹಿಂಗಾಲು ಝಾಡಿಸುತ್ತಿತ್ತು. ರಾಜನೂ ಸುಮ್ಮನಿರಲಿಲ್ಲ. ಒಂದು ಒದೆ ಗಂಗೆಯ ಹೊಟ್ಟೆಗೆ ಬಿದ್ದರೆ ಮರಿ ಹೋದಂತೆಯೇ. ಮೂಲೆಯಲ್ಲಿದ್ದ ಅತ್ತೆ ಹಗ್ಗ ಹಿಡಿಯಲು ನಡುವೆ ನುಗ್ಗುವುದರಲ್ಲಿದ್ದರು.

"ಅತ್ತೇ, ನಡುವೆ ಬರಬ್ಯಾಡ್ರಿ! ಗೋಡೆಗೆ ಒತ್ತಿ ನಿಲ್ರೀ!" ಎಂದು ಚೀರಿದೆ. ಬಾಗಿಲು ಪೂರ್ತಿ ತೆರೆದು ಹುರುಳಿ ಡಬ್ಬಿಯನ್ನು ಗಲಗಲ ಅಲ್ಲಾಡಿಸಿದೆ. ದಾರಿ ನಡೆದು ಹಸಿದಿದ್ದ ರಾಜ ಸದ್ದಿಗೆ ಹೊರಗೆ ಬಂತು. ಆದರೆ ಅಷ್ಟರಲ್ಲಿ ಗಂಗೆ ಜಾರಿ ಮೊಣಕಾಲೂರಿ ಬಿದ್ದಿತ್ತು.

ಅವತ್ತು ಅತ್ತೆ ಊಟ ಮಾಡಲಿಲ್ಲ. ಗಂಗೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತೇ ಇದ್ದರು. ನಾನೂ ಲಾಟೀನು ತಂದಿಟ್ಟು ಅವರ ಪಕ್ಕದಲ್ಲೇ ಕೂತೆ.

ಆಮೇಲೆ ನಾನು ಹೇಳಿದಂತೆಯೇ ನಡೆಯಿತು. ರಾಜ ಬೇವಿನ ಮರದಡಿ, ಗಂಗೆ ಲಾಯದಲ್ಲಿ. ಒಂದಕ್ಕೊಂದು ಕಾಣಬೇಕು, ಬಾಯಿಗೆ ಸಿಗಬಾರದು. ಒಂದರ ಮೈ ಉಜ್ಜಿದ ಗೋಣಿತಟ್ಟನ್ನು ಇನ್ನೊಂದರ ಮುಂದೆ ಹಾಕಿ ವಾಸನೆ ಹಿಡಿಸಿದೆವು. ಬಳಿಕ ಹೊಳೆ ದಾರಿಯಲ್ಲಿ ನಡುವೆ ಜಾಗ ಬಿಟ್ಟು ಎರಡನ್ನೂ ನಡೆಸಿದೆವು. ಗಂಗೆಯ ಹಗ್ಗವನ್ನು ಅತ್ತೆ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ದಿನ ಕಳೆದಂತೆ ನಡುವಿನ ಜಾಗ ಕಿರಿದಾಯಿತು. ಒಂದು ಬೆಳಿಗ್ಗೆ ಗಂಗೆ ತಾನಾಗಿಯೇ ಹಲ್ಲಿನಿಂದ ಮೆಲ್ಲಗೆ ರಾಜನ ಹೆಗಲು ಕೆರೆಯಿತು. ಅವತ್ತೇ ರಾಜನನ್ನು ಲಾಯಕ್ಕೆ ಕಟ್ಟಿದೆವು.

ಮರಿ ಉಳಿಯಿತು. ಹುಟ್ಟಿದ ದಿನ ಅದು ತಡವರಿಸುತ್ತಾ ಎದ್ದು ತಾಯಿಯ ಮೊಲೆ ಹುಡುಕುವುದನ್ನು ಅತ್ತೆ ಸೊಸೆ ಇಬ್ಬರೂ ಲಾಯದ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆವು. ಅತ್ತೆ ಮರಿಯ ಮೇಲಿನ ಕಣ್ಣು ತೆಗೆಯದೆ ಕೇಳಿದರು.

"ನಿನ್ನೂ ಮದ್ವಿ ಆಗಿ ಬಂದ ದಿನಾನೇ ಎಲ್ಲಾರ ನಡುವೆ ತಂದು ನಿಲ್ಲಿಸಿಬಿಟ್ಟೆ. ಹೆದ್ರಿಕೆ ಆಗಿತ್ತೇನೇ?"

"ಆಗಿತ್ರೀ," ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಆ ಮನೆಗೆ ಹೋದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಸೀರೆ ಕೊಟ್ಟಿದ್ದಾರೆ, ಒಡವೆ ಕೊಟ್ಟಿದ್ದಾರೆ. ಅವರನ್ನು ನೆನೆದಾಗ ನನ್ನ ಕಣ್ಣು ತುಂಬುವುದು ಮಾತ್ರ ಆ ಒಂದು ಮಾತಿಗೆ.